ಕುಸುಮಾವತಿಯ ಸೂಪರ್ ದುಡ್ಡು

ಸಿಡ್ನಿಯ ಗಿರಾವೀನ್ ಬಡಾವಣೆಯ ಕನ್ನಡ, ತುಳು ಮನೆಗಳಲ್ಲಿ ಊಟಕ್ಕೆ ಸೇರಿದಾಗ ಶೇರಿನ ಮಾತು ಬಂದರೆ ಎಲ್ಲರೂ ಪುರುಷೋತ್ತಮನ ಕಡೆ ತಿರುಗುತ್ತಿದ್ದರು. ಅವನೇನೂ ಶೇರು ದಲ್ಲಾಳಿಯಲ್ಲ. ಪ್ಯಾರಾಮಟ್ಟದ ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್. ಕಾಪುವಿನಿಂದ ಸಿಡ್ನಿಗೆ ಬಂದ ನಾಲ್ಕನೆಯ ವರ್ಷ, ಇದ್ದ ಅಷ್ಟಿಷ್ಟು ಉಳಿತಾಯವನ್ನು ಒಂದು ಬ್ಯಾಂಕಿನ ಶೇರಿಗೆ ಹಾಕಿದ್ದ. ಅದು ಹತ್ತು ವರ್ಷಗಳಲ್ಲಿ ಹಲವು ಪಟ್ಟಾಯಿತು. ಆಮೇಲೆ ಒಂದು ಕಬ್ಬಿಣದ ಅದಿರಿನ ಕಂಪನಿ ಎರಡೇ ವರ್ಷದಲ್ಲಿ ಮೂರು ಪಟ್ಟಾಯಿತು. ಈ ಎರಡು ಕಥೆಗಳನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಕೇಳುವವರಿಗೇ ಬಾಯಿಪಾಠವಾಗಿತ್ತು. ಇಂಟರ್ನೆಟ್ ಕಂಪನಿಗಳ ಹುಚ್ಚಿದ್ದ ಡಾಟ್‌ಕಾಮ್ ಕಾಲದಲ್ಲಿ ಕೊಂಡ ಎರಡು ಕಂಪನಿಗಳು ಹೇಳಹೆಸರಿಲ್ಲದೆ ಹೋದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ಹೆಂಡತಿ ಕುಸುಮಾವತಿ ವೆಸ್ಟ್‌ಮೀಡ್ ಕಡೆಯ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಹದಿಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಮಧ್ಯಾಹ್ನ ಮೂರಕ್ಕೆ ವಾಪಸು. ಮೊಣಕಾಲು ಎರಡೂ ಸವೆದಿದ್ದವು. ಐವತ್ತೆಂಟಾದ ಕೂಡಲೇ ಕೆಲಸ ಬಿಡುವುದೆಂದು ಅವಳು ನಿರ್ಧರಿಸಿಕೊಂಡಿದ್ದಳು. ಸಂಬಳದ ಜೊತೆಗೆ ನಿವೃತ್ತಿಗೆಂದು ಕೆಲಸ ಕೊಟ್ಟವರು ಕಟ್ಟುವ ಹಣಕ್ಕೆ ಆ ದೇಶದಲ್ಲಿ ಎಲ್ಲರೂ ಸೂಪರ್ ಎನ್ನುತ್ತಾರೆ. ಅವಳ ಸೂಪರ್ ಒಂದು ದೊಡ್ಡ ಫಂಡ್‌ನಲ್ಲಿತ್ತು. 2005ರಲ್ಲಿ ಆ ಫಂಡ್‌ನಿಂದ ಒಬ್ಬಳು ಹುಡುಗಿ ವೃದ್ಧಾಶ್ರಮದ ಕೆಲಸಗಾರರ ಊಟದ ಕೋಣೆಗೆ ಬಂದು, ದುಡ್ಡನ್ನು ಎಲ್ಲಿ ಹಾಕಬಹುದೆಂದು ಒಂದು ಹಾಳೆ ಹಿಡಿದು ವಿವರಿಸಿದ್ದಳು. ಕುಸುಮಾವತಿ ಎರಡು ಪ್ರಶ್ನೆ ಕೇಳಿ, ಇಂಡೆಕ್ಸ್ ಫಂಡ್ ಎಂಬಲ್ಲಿ ತಾನೇ ಟಿಕ್ ಹಾಕಿ ಬಂದಳು.

ಸಂಜೆ ಚಹಾ ಕುಡಿಯುತ್ತಾ ಅದನ್ನು ಗಂಡನಿಗೆ ಹೇಳಿದಾಗ ಅವನು ನಕ್ಕಿದ್ದ.

“ಇಂಡೆಕ್ಸ್ ಅಂದ್ರೆ ಎಂತ ಗೊತ್ತುಂಟಾ ನಿನಗೆ?”

“ಮಾರ್ಕೆಟ್ಟಿನಲ್ಲಿ ಇರುವ ಎಲ್ಲ ದೊಡ್ಡ ಕಂಪನಿಯಲ್ಲೂ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುವುದಂತೆ. ಒಂದು ಮುಳುಗಿದ್ರೆ ಇನ್ನೊಂದು ಇರ್ತದೆ. ಖರ್ಚೂ ಕಮ್ಮಿ ಅಂತೆ.”

“ಹೌದು. ಒಳ್ಳೆಯದರ ಜೊತೆ ಕೊಳೆತದ್ದನ್ನೂ ಚೀಲಕ್ಕೆ ಹಾಕಿಕೊಂಡು ಬರುವುದು. ಆರಿಸಲಿಕ್ಕೆ ಗೊತ್ತಿಲ್ಲದವರಿಗೆ ಅದು.”

ಅವಳು ಲೋಟ ತೊಳೆಯಲು ಎದ್ದಳು.

ಮರುವರ್ಷ ಪುರುಷೋತ್ತಮ ತನ್ನ ಸೂಪರ್ ಅನ್ನು ಕಂಪನಿಯ ಫಂಡ್‌ನಿಂದ ಹೊರಗೆ ತೆಗೆದು, ಸ್ವಂತದ ಒಂದು ಫಂಡ್ ಮಾಡಿ, ತಾನೇ ಶೇರು ಆರಿಸುವುದೆಂದು ಹೊರಟ. ಕಾನೂನಿನಲ್ಲಿ ಅದಕ್ಕೆ ಅವಕಾಶವಿತ್ತು. ಆದರೆ ಲೆಕ್ಕಪತ್ರ, ಆಡಿಟ್ ಎಂದು ವರ್ಷಕ್ಕೊಂದಿಷ್ಟು ಖರ್ಚು ಬರುತ್ತಿದ್ದುದರಿಂದ, ಇಬ್ಬರ ದುಡ್ಡೂ ಸೇರಿದರೇ ಲಾಭ. ಅವನು ಫಾರಂ ತಂದು ಎರಡು ವಾರ ಊಟದ ಮೇಜಿನ ಮೇಲಿಟ್ಟ. ಕುಸುಮಾವತಿ ಅದನ್ನು ಸರಿಸಿ ಊಟ ಬಡಿಸಿದಳು, ಊಟವಾದ ಮೇಲೆ ಮತ್ತೆ ಅಲ್ಲೇ ಇಟ್ಟಳು. ಕೊನೆಗೊಂದು ಬೆಳಿಗ್ಗೆ, ಯೂನಿಫಾರಂ ಹಾಕಿಕೊಂಡು ಹೊರಟು ನಿಂತವಳು ಕೇಳಿದಳು: “ನೀವು ತೆಗೆದುಕೊಂಡದ್ದು ಬಿದ್ದು ಹೋದ್ರೆ?”

“ನನ್ನ ಮೇಲೆ ಅಷ್ಟು ನಂಬಿಕೆ ಇಲ್ಲದಿದ್ರೆ ಬೇಡ ಬಿಡು,” ಎಂದು ಅವನು ಮುಖ ಗಂಟು ಹಾಕಿದ.

ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸದೆ, ನಿಂತಲ್ಲೇ ಬಗ್ಗಿ, ಅವನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದ ನಾಲ್ಕೂ ಕಡೆ ಸೈನ್ ಹಾಕಿ ಬಸ್ಸಿಗೆ ಹೋದಳು.

ಆ ವರ್ಷದ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿದ್ದ ಭಾಸ್ಕರ ಹೃದಯಾಘಾತದಿಂದ ತೀರಿಕೊಂಡ. ಭಾಸ್ಕರನೆಂದರೆ ಪುರುಷೋತ್ತಮನಿಗೆ ಆಸ್ಟ್ರೇಲಿಯಾದ ಮೊದಲ ಗೆಳೆಯ. ಇಬ್ಬರೂ ಮದುವೆಗೆ ಮೊದಲು ಸಿಡ್ನಿಯ ಹ್ಯಾರಿಸ್ ಪಾರ್ಕ್‌ನ ಒಂದೇ ರೂಮಿನಲ್ಲಿ ಮೂರು ವರ್ಷ ಇದ್ದವರು. ಭಾಸ್ಕರನ ಹೆಂಡತಿ ವಾಸಂತಿ ಮೈಸೂರಿನವಳು, ಶಾಲೆಯೊಂದರ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ. ಮಗಳು ನಿಹಾರಿಕಾ ಆಗಿನ್ನೂ ಓದುತ್ತಿದ್ದಳು. ಮೂರು ತಿಂಗಳಾದ ಮೇಲೆ ವಾಸಂತಿ ಫೋನ್ ಮಾಡಿದಳು. “ಅಣ್ಣಾ, ಇವರ ಸೂಪರ್ ವಿಷಯಕ್ಕೆ ಪೇಪರ್ಸ್ ಕಳಿಸಿದಾರೆ. ಏನ್ ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ.”

ಪುರುಷೋತ್ತಮ ಆ ಶನಿವಾರವೇ ಹೆಂಡತಿಯನ್ನು ಕರೆದುಕೊಂಡು ವಿಮಾನ ಹತ್ತಿದ. ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ಆ ಮನೆಯ ಮೇಜಿನ ಮುಂದೆ, ಗೋಡೆಯ ಮೇಲೆ ಭಾಸ್ಕರನ ಫೋಟೊ ಇರುವ ಕಡೆಗೆ ಬೆನ್ನು ಹಾಕಿ ಕೂತು, ಎರಡು ಗಂಟೆ ಕಾಗದಗಳನ್ನೆಲ್ಲ ಓದಿದ. ದುಡ್ಡನ್ನು ಅದೇ ಫಂಡ್‌ನಲ್ಲಿ ಇಂಡೆಕ್ಸ್‌ನಲ್ಲಿ ಬಿಟ್ಟು ತಿಂಗಳಿಗಿಷ್ಟೆಂದು ತೆಗೆದುಕೊಳ್ಳಬಹುದಿತ್ತು; ಇಲ್ಲವೇ ಎಲ್ಲವನ್ನೂ ಒಟ್ಟಿಗೆ ಹೊರಗೆ ತೆಗೆಯಬಹುದಿತ್ತು.

“ನಮ್ಮ ಲೈಬ್ರರಿಯಲ್ಲಿ ಎಲ್ರೂ ಇಂಡೆಕ್ಸ್‌ನಲ್ಲೇ ಬಿಟ್ಬಿಡು ಅಂತಾರೆ,” ಎಂದಳು ವಾಸಂತಿ.

“ಇಂಡೆಕ್ಸ್ ಎಲ್ಲ ಕೇಳಲಿಕ್ಕೆ ಯಾರೂ ಇಲ್ಲದವರಿಗೆ. ನಿಮಗೆ ನಾನಿಲ್ವಾ?”

ವಾಸಂತಿ ತಲೆಯಾಡಿಸಿದಳು. ಪುರುಷೋತ್ತಮ ಒಂದು ಹಾಳೆಯಲ್ಲಿ ಆರು ಕಂಪನಿಗಳ ಹೆಸರು ಬರೆದ. ಒಂದು ನಿಕ್ಕಲ್ ಗಣಿ, ಒಂದು ಶಾಪಿಂಗ್ ಸೆಂಟರ್‌ಗಳನ್ನು ಕೊಂಡು ಬಾಡಿಗೆಗೆ ಕೊಡುವ ಟ್ರಸ್ಟ್, ಒಂದು ಕ್ವೀನ್ಸ್‌ಲ್ಯಾಂಡಿನ ಸಾಲ ಕೊಡುವ ಕಂಪನಿ, ಹೀಗೆ. ಆರೂ ಅವನ ಫಂಡ್‌ನಲ್ಲಿ ಆಗಲೇ ಇದ್ದವು. ಪ್ರತಿ ಹೆಸರಿನ ಮುಂದೆ ಎಷ್ಟು ಹಾಕಬೇಕೆಂದೂ ಬರೆದುಕೊಟ್ಟ. ಅಡುಗೆಮನೆಯಲ್ಲಿ ಕುಸುಮಾವತಿ ಲೋಟಗಳನ್ನು ಒರೆಸಿಡುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ತಿಂಗಳಾದ ಮೇಲೆ ಅವನು ಫೋನಿನಲ್ಲಿ, “ತೆಗೆದುಕೊಂಡ್ರಾ?” ಎಂದು ಕೇಳಿದಾಗ, “ಹೂಂ ಅಣ್ಣ, ಎಲ್ಲ ಆಯ್ತು” ಎಂದಳು ವಾಸಂತಿ.

2007 ಚೆನ್ನಾಗಿಯೇ ಹೋಯಿತು. ಆ ದೀಪಾವಳಿಗೆ ಪುರುಷೋತ್ತಮ ತನ್ನ ಮನೆಯಲ್ಲಿ ಇಪ್ಪತ್ತು ಜನರಿಗೆ ಊಟ ಹಾಕಿ, ನಿಕ್ಕಲ್‌ನ ಭವಿಷ್ಯದ ಬಗ್ಗೆ ಅರ್ಧ ಗಂಟೆ ಮಾತಾಡಿದ. ವೆಸ್ಟ್‌ಮೀಡ್‌ನ ಇಂದ್ರೇಶ್ ಎಂಬ ಹುಡುಗ, ಅಲ್ಲೇ ಕಾಯಂ ಇರಲು ಪಿಆರ್ ಸಿಕ್ಕಿ ವರ್ಷವಾಗಿತ್ತಷ್ಟೆ, ಮೊಬೈಲಿನಲ್ಲಿ ಹೆಸರುಗಳನ್ನು ಬರೆದುಕೊಂಡ.

ಜನವರಿಯಲ್ಲಿ ಮಾರ್ಕೆಟ್ ಕುಸಿಯಲು ಶುರುವಾಯಿತು. ಮೊದಲು ಆ ಶಾಪಿಂಗ್ ಸೆಂಟರ್‌ಗಳ ಟ್ರಸ್ಟ್. ಸಾಲ ಮಾಡಿ ಕಟ್ಟಡ ಕೊಂಡಿದ್ದ ಅದಕ್ಕೆ ಸಾಲ ತೀರಿಸಲು ಮತ್ತೆ ಸಾಲ ಹುಟ್ಟಲಿಲ್ಲ. ಶೇರು ಅರ್ಧವಾದಾಗ ಪುರುಷೋತ್ತಮ, ಇದೇ ಅಗ್ಗಕ್ಕೆ ಕೊಳ್ಳುವ ಸಮಯವೆಂದು, ಬ್ಯಾಂಕಿನ ಶೇರು ಮಾರಿ ಅದನ್ನೇ ಇನ್ನಷ್ಟು ಕೊಂಡ. ಅದು ಕಾಲು ಭಾಗಕ್ಕೆ ಇಳಿಯಿತು. ಆಮೇಲೆ ನಿಕ್ಕಲ್ ಬೆಲೆ ಬಿದ್ದು ಗಣಿ ಮುಚ್ಚಿತು. ಸಾಲ ಕೊಡುವ ಕಂಪನಿಯ ಶೇರಿನ ವಹಿವಾಟೇ ಒಂದು ದಿನ ನಿಂತಿತು, ಮತ್ತೆ ಶುರುವಾಗಲಿಲ್ಲ. ಆಫೀಸಿನಲ್ಲಿ ನಕ್ಷೆಯ ಪರದೆಯ ಹಿಂದೆ ಶೇರಿನ ಪರದೆಯನ್ನು ತೆರೆದಿಟ್ಟುಕೊಂಡು, ಯಾರಾದರೂ ಹತ್ತಿರ ಬಂದರೆ ಮುಚ್ಚುತ್ತಿದ್ದ. ಎರಡು ಸಲ ಅಳತೆ ತಪ್ಪು ಹಾಕಿ ಮೇಲಿನವನಿಂದ ಹೇಳಿಸಿಕೊಂಡ.

ಇಡೀ ಮಾರ್ಕೆಟ್ಟೇ ಬಿದ್ದಿತ್ತು, ನಿಜ. ಅದನ್ನೇ ಅವನು ಕುಸುಮಾವತಿಗೂ ಹೇಳಿದ. “ಎಲ್ಲರದ್ದೂ ಹೋಗಿದೆ. ಸ್ವಲ್ಪ ದಿನ, ವಾಪಸು ಬರ್ತದೆ.” 2009ರ ಮಾರ್ಚಿನ ಹೊತ್ತಿಗೆ ಇಂಡೆಕ್ಸ್ ಅರ್ಧಕ್ಕಿಂತ ಕೆಳಗೆ ಹೋಗಿ, ಮೆಲ್ಲಗೆ ಮೇಲೇಳತೊಡಗಿತು. ಆದರೆ ಅವನ ಆರು ಕಂಪನಿಗಳಲ್ಲಿ ಮೂರು, ಮೇಲೇಳಲು ಉಳಿದೇ ಇರಲಿಲ್ಲ. ಇಬ್ಬರ ದುಡಿಮೆಯ ಸೂಪರ್‌ನಲ್ಲಿ ಐದರಲ್ಲೊಂದು ಪಾಲು ಮಾತ್ರ ಇತ್ತು. ಕುಸುಮಾವತಿಗೆ ಐವತ್ತೆಂಟು ತುಂಬಿದ ದಿನ ಅವನು ಕೇಕ್ ತಂದ. ಅವಳು ಕೆಲಸ ಬಿಡುವ ಮಾತೆತ್ತಲಿಲ್ಲ. ಅವನೂ ಎತ್ತಲಿಲ್ಲ. ಮರುದಿನ ಐದೂವರೆಗೆ ಅವಳು ಬಾಗಿಲೆಳೆದುಕೊಂಡು ಹೋದ ಸದ್ದು ಕೇಳಿ, ಅವನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ.

ಅವನನ್ನು ಅದಕ್ಕಿಂತ ಹೆಚ್ಚು ಕೊರೆಯುತ್ತಿದ್ದುದು ವಾಸಂತಿ. ತಮ್ಮದಾದರೂ ಇಬ್ಬರ ಸಂಬಳವಿತ್ತು. ಅವಳಿಗೇನಿತ್ತು? ಭಾಸ್ಕರ ಸತ್ತು ಬಿಟ್ಟುಹೋದದ್ದನ್ನು ತಾನು ಒಂದು ಹಾಳೆಯಲ್ಲಿ ಆರು ಹೆಸರು ಬರೆದು ಮುಗಿಸಿದ್ದ. ಅವಳ ಫೋನ್ ಬಂದರೆ ಎತ್ತುತ್ತಿರಲಿಲ್ಲ. “ಅಣ್ಣಾ, ಸುಮ್ನೆ ಮಾತಾಡೋಣ ಅಂತ ಮಾಡಿದ್ದೆ” ಎಂಬ ಅವಳ ಮೆಸೇಜುಗಳನ್ನು ಪೂರ್ತಿ ಕೇಳದೆ ಅಳಿಸುತ್ತಿದ್ದ. ಬೆನ್ನುನೋವೆಂದು ಹೇಳಿ ಜನ ಸೇರುವಲ್ಲಿಗೆ ಹೋಗುವುದನ್ನು ಬಿಟ್ಟ. ಒಂದು ಭಾನುವಾರ ಪೆಂಡಲ್ ಹಿಲ್‌ನ ದಿನಸಿ ಅಂಗಡಿಯಲ್ಲಿ ಇಂದ್ರೇಶನನ್ನು ದೂರದಿಂದ ಕಂಡು, ಬುಟ್ಟಿಯನ್ನು ಅಕ್ಕಿಮೂಟೆಗಳ ಮೇಲಿಟ್ಟು, ಏನೂ ಕೊಳ್ಳದೆ ಹೊರಗೆ ಬಂದ.

ಸೆಪ್ಟೆಂಬರಿನಲ್ಲಿ ವಾಸಂತಿ ಕುಸುಮಾವತಿಗೆ ಫೋನ್ ಮಾಡಿ, ನಿಹಾರಿಕಾಗೆ ನಿಶ್ಚಿತಾರ್ಥವೆಂದೂ ಇಬ್ಬರೂ ಬರಲೇಬೇಕೆಂದೂ ಹೇಳಿದಳು. ಪುರುಷೋತ್ತಮ ಲೆಕ್ಕ ಹಾಕತೊಡಗಿದ. ಕೈಯಲ್ಲಿ ಏನಿಟ್ಟುಕೊಂಡು ಮಗಳ ಮದುವೆ ಮಾಡುತ್ತಾಳೆ? ಮನೆ ಮಾರುತ್ತಿದ್ದಾಳೆಯೇ? ಮೂರು ದಿನ ಯೋಚಿಸಿ ಹೆಂಡತಿಗೆ ಹೇಳಿದ: “ನಾನು ಒಂದು ದಿನ ಮೊದಲೇ ಹೋಗ್ತೇನೆ. ಗಂಡಸರು ಯಾರೂ ಇಲ್ಲ ಅಲ್ಲಿ, ಸ್ವಲ್ಪ ಸಹಾಯ ಆಗ್ತದೆ.” ಕುಸುಮಾವತಿ ಅವನ ಮುಖವನ್ನು ಒಂದು ಗಳಿಗೆ ನೋಡಿ, “ಹೋಗಿ” ಎಂದಳು.

ಗ್ಲೆನ್ ವೇವರ್ಲಿಗೆ ಹೋಗುವ ರೈಲಿನಲ್ಲಿ, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಆ ಲೈನಿಗೆ ಅದೇ ಕೊನೆಯ ಸ್ಟೇಷನ್. ಎಲ್ಲರೂ ಇಳಿದ ಮೇಲೂ ಎರಡು ನಿಮಿಷ ಸೀಟಿನಲ್ಲೇ ಕೂತಿದ್ದು, ರೈಲು ವಾಪಸು ಹೊರಡುವ ಪ್ರಕಟಣೆ ಕೇಳಿ ಇಳಿದ.

ವಾಸಂತಿ ಬಾಗಿಲು ತೆರೆದು, “ಅಯ್ಯೋ ಅಣ್ಣಾ, ಎಷ್ಟು ಇಳ್ದೋಗಿದೀರ! ಬನ್ನಿ ಬನ್ನಿ” ಎಂದು ಕಾಫಿಗಿಟ್ಟಳು. ನಿಹಾರಿಕಾ ಹೊರಗೆ ಹೋಗಿದ್ದಳು. ಅವನು ಅದೇ ಮೇಜಿನ ಮುಂದೆ ಕೂತ. ಈ ಸಲ ಭಾಸ್ಕರನ ಫೋಟೊ ಎದುರಿಗಿತ್ತು.

“ವಾಸಂತಿ, ಕೂತ್ಕೊಳ್ಳಿ. ಕಾಫಿ ಆಮೇಲೆ,” ಎಂದ. ಜೋಡಿಸಿಕೊಂಡ ಮಾತುಗಳೆಲ್ಲ ಎಲ್ಲಿಗೋ ಹೋದವು. “ನಾನು ನಿಮಗೆ ಅನ್ಯಾಯ ಮಾಡಿದೆ. ನನಗೆ ಎಲ್ಲ ಗೊತ್ತುಂಟು ಅಂತ ಬಂದು ಕೂತು ಬರೆದುಕೊಟ್ಟೆ. ನನಗೆ ಏನೂ ಗೊತ್ತಿರಲಿಲ್ಲ. ನಿಮ್ಮ ಫೋನ್ ಎತ್ತಲಿಕ್ಕೂ ನನಗೆ ಮುಖ ಇರಲಿಲ್ಲ. ನಮ್ಮ ಮನೆಯ ಮೇಲಿನ ಸಾಲ ಮುಗಿದಿದೆ. ಸ್ವಲ್ಪ ಸಾಲ ಎತ್ತಿ, ಎಷ್ಟಾಗ್ತದೋ ಅಷ್ಟು...”

“ಅಣ್ಣಾ, ಅಣ್ಣಾ, ನಿಲ್ಸಿ.” ವಾಸಂತಿಯ ಮುಖ ಕೆಂಪೇರಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು. “ನಾನು ಅದನ್ನ ತಗೊಳ್ಳೇ ಇಲ್ಲ. ದುಡ್ಡು ಈಚೆ ತೆಗೀಲೇ ಇಲ್ಲ. ಇಂಡೆಕ್ಸ್‌ನಲ್ಲೇ ಬಿಟ್ಟೆ. ಅದೂ ಬಿತ್ತು, ಹೆದ್ರಿಕೆ ಆಗಿತ್ತು, ಈಗ ಪರ್ವಾಗಿಲ್ಲ, ಸುಮಾರಾಗಿ ವಾಪಸ್ ಬರ್ತಾ ಇದೆ. ಎಲ್ಲ ಆಯ್ತು ಅಂತ ನಿಮಗೆ ಸುಳ್ಳು ಹೇಳ್ದೆ. ಹೇಳ್ಬೇಕು ಹೇಳ್ಬೇಕು ಅಂತ ಎಷ್ಟು ಸಲ ಫೋನ್ ಮಾಡಿದೆ ಗೊತ್ತಾ?”

ಪುರುಷೋತ್ತಮನಿಗೆ ಅಳು ಬಂತು. ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು, “ಒಳ್ಳೆಯದಾಯ್ತು. ಒಳ್ಳೆಯ ಬುದ್ಧಿ ಬಂತು ನಿಮಗೆ. ಲೈಬ್ರರಿಯವರು ಹೇಳಿದ್ರಾ?” ಎಂದ.

ವಾಸಂತಿ ಎದ್ದು ಕಾಫಿಯ ಕಡೆ ಹೋದಳು. ಅವನು ಇನ್ನೊಮ್ಮೆ ಕೇಳಿದ.

“ಅಕ್ಕ ಹೇಳಿದ್ದು,” ಎಂದಳು ಅತ್ತ ತಿರುಗಿಕೊಂಡೇ.

“ಯಾವ ಅಕ್ಕ?”

“ಕುಸುಮಕ್ಕ. ನೀವು ಬಂದು ಹೋದ್ರಲ್ಲ, ಮಾರನೇ ದಿನ ಕೆಲಸದ ಜಾಗದಿಂದ ಫೋನ್ ಮಾಡಿದ್ರು. ಅವರ ಎದುರಿಗೆ ಹೂಂ ಅನ್ನು, ಬೇಜಾರು ಮಾಡ್ಬೇಡ, ಆದ್ರೆ ಫಾರಂ ಮಾತ್ರ ಕಳಿಸ್ಬೇಡ ಅಂದ್ರು.”

ಪುರುಷೋತ್ತಮ ಕಾಫಿ ಕುಡಿದ. ಮರುದಿನ ಬರುವವರಿಗೆ ಕುರ್ಚಿಗಳನ್ನು ಗ್ಯಾರೇಜಿನಿಂದ ತಂದು ಒರೆಸಿಟ್ಟ. ಕೈ ಕೆಲಸ ಮಾಡುತ್ತಿತ್ತು, ತಲೆಯೊಳಗೆ ಒಂದೇ ಮಾತು ತಿರುಗುತ್ತಿತ್ತು. ಎರಡೂವರೆ ವರ್ಷ ಇಬ್ಬರು ಹೆಂಗಸರು ಸೇರಿ ತನ್ನನ್ನು ಚಿಕ್ಕ ಮಗುವಿನಂತೆ ಸಮಾಧಾನದಲ್ಲಿಟ್ಟಿದ್ದರು. ತನ್ನ ಜಾಣತನವನ್ನು ನಂಬುವವಳಂತೆ ನಿಂತಲ್ಲೇ ಸೈನ್ ಹಾಕಿ ಹೋದವಳು ಅದನ್ನು ಒಂದು ದಿನವೂ ನಂಬಿರಲಿಲ್ಲ.

ಕುಸುಮಾವತಿ ಮರುದಿನ ಬೆಳಿಗ್ಗೆಯ ವಿಮಾನಕ್ಕೆ ಬಂದಳು. ಕಾರ್ಯಕ್ರಮ ಸಂಜೆಗಿತ್ತು. ಹೂವು ತರಬೇಕೆಂದು ವಾಸಂತಿ ಹೇಳಿದಾಗ, ತಾವಿಬ್ಬರೂ ಹೋಗಿ ತರುತ್ತೇವೆಂದು ಪುರುಷೋತ್ತಮ ಹೆಂಡತಿಯನ್ನು ಹೊರಡಿಸಿದ. ಆ ದೇಶಕ್ಕೆ ಆಗ ವಸಂತ; ಬಿಸಿಲಿತ್ತು. ಅವಳ ಮೊಣಕಾಲಿಗೆ ಹೊಂದುವಂತೆ ನಿಧಾನವಾಗಿ ನಡೆದರು. ಮನೆಯೊಳಗೆ ಇಬ್ಬರೂ ಆಡುವುದು ತುಳುವೇ, ಬೀದಿಯಲ್ಲೂ ಅದೇ.

“ವಾಸಂತಿ ಹೇಳಿದ್ರು,” ಎಂದ.

“ಹೇಳ್ತಾಳೆ ಅಂತ ಗೊತ್ತಿತ್ತು. ಅವಳಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುದಿಲ್ಲ.”

“ಅವರಿಗೆ ಬೇಡ ಅಂದವಳು ನೀನು ಯಾಕೆ ಸೈನ್ ಹಾಕಿದೆ?”

ಕುಸುಮಾವತಿ ಒಂದು ಬೇಲಿಯ ಕಂಬ ಹಿಡಿದು ನಿಂತಳು. “ಎಂತ ಹೇಳುದು? ನೀವು ಎರಡು ವಾರ ಆ ಫಾರಂ ಮೇಜಿನ ಮೇಲೆ ಇಟ್ಟಿರಿ. ನಾನು ಬೇಡ ಅಂದಿದ್ರೆ ಎರಡು ವರ್ಷ ಮುಖ ಊದಿಸಿಕೊಂಡು ಇರ್ತಿದ್ರಿ. ಬೆಳಿಗ್ಗೆ ನಾಲ್ಕೂವರೆಗೆ ಏಳುವವಳಿಗೆ ಅದನ್ನು ನೋಡುವ ಶಕ್ತಿ ಇರಲಿಲ್ಲ. ಹೋದ್ರೂ ಇಬ್ಬರು ದುಡಿಯುತ್ತೇವೆ, ಹೇಗೋ ಆಗ್ತದೆ ಅಂದುಕೊಂಡೆ. ವಾಸಂತಿಗೆ ಯಾರಿದ್ರು?”

“ಎಷ್ಟು ಹೋಗಿದೆ ಅಂತ ನಿನಗೆ...”

“ಗೊತ್ತುಂಟು. ಫಂಡ್‌ನ ಕಾಗದ ನನ್ನ ಹೆಸರಿಗೂ ಬರ್ತದಲ್ಲ. ನೀವು ಸ್ವಲ್ಪ ದಿನ, ಸ್ವಲ್ಪ ದಿನ ಅನ್ನುವಾಗೆಲ್ಲ ನಾನು ಅದನ್ನು ಓದಿಯೇ ಇದ್ದೆ.”

ತಾನು ಮುಚ್ಚಿಟ್ಟೆನೆಂದುಕೊಂಡದ್ದನ್ನೆಲ್ಲ ಅವಳು ಪ್ರತಿ ಸಂಜೆ ಎದುರಿಗೆ ಕೂತು ನೋಡುತ್ತಿದ್ದಳು. ಶೇರು ಬಿದ್ದಾಗ ಆಗದಿದ್ದ ನಾಚಿಕೆ ಈಗ ಆಗಿ, ಕಿವಿಯವರೆಗೂ ಬಿಸಿಯೇರಿತು.

“ಕೋಪ ಬರಲಿಲ್ವಾ ನಿನಗೆ?”

“ಬರಲಿಲ್ಲ ಅಂತ ಯಾರು ಹೇಳಿದ್ದು?” ಅವಳ ದನಿ ಮೊದಲ ಸಲ ಏರಿತು. “ನನ್ನ ಹುಟ್ಟುಹಬ್ಬಕ್ಕೆ ಕೇಕ್ ತಂದ್ರಲ್ಲ, ಅದನ್ನು ನಿಮ್ಮ ತಲೆಯ ಮೇಲೆ ಹಾಕುವಷ್ಟು ಕೋಪ ಬಂದಿತ್ತು. ಹದಿನೇಳು ವರ್ಷ ಪಾತ್ರೆ ಎತ್ತಿದ್ದು ನಾನು. ದುಡ್ಡು ಹೋಗ್ಲಿ, ಹೋಯ್ತು ಕುಸುಮಾ ಅಂತ ಒಂದು ಮಾತು ಹೇಳಲಿಕ್ಕೆ ನಿಮ್ಮಿಂದ ಆಗಲಿಲ್ಲ. ಬೆನ್ನುನೋವಂತೆ, ಬೆನ್ನುನೋವು!”

“ಹೋಯ್ತು ಕುಸುಮಾ,” ಎಂದ ಅವನು. “ನಾನು ಕಳೆದೆ. ನಿನ್ನದೂ ಕಳೆದೆ. ಅದಕ್ಕೆ ಮೊದಲೂ ಕಳೆದಿದ್ದೆ, ಡಾಟ್‌ಕಾಮ್ ಕಾಲದಲ್ಲಿ. ಅದನ್ನೂ ಹೇಳಿರಲಿಲ್ಲ.”

“ಅದು ನನಗೆ ಗೊತ್ತಿರಲಿಲ್ಲ,” ಎಂದಳು ಅವಳು. ಬೇಲಿಯ ಕಂಬ ಬಿಟ್ಟು, “ನಡೀರಿ, ಹೂವಿನ ಅಂಗಡಿ ಶನಿವಾರ ಬೇಗ ಮುಚ್ಚುತ್ತದೆ” ಎಂದು ಮುಂದೆ ನಡೆದಳು. ಕ್ಷಮಿಸಿದೆನೆಂದು ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ.

ಸಿಡ್ನಿಗೆ ಬಂದ ಮೇಲೆ ಆ ಸ್ವಂತ ಫಂಡ್ ಅನ್ನು ಮುಚ್ಚಿದರು. ಉಳಿದ ಶೇರುಗಳನ್ನು ಬಂದ ಬೆಲೆಗೆ ಮಾರಿ, ಬಂದದ್ದನ್ನು ಕುಸುಮಾವತಿಯ ಹಳೆಯ ಫಂಡ್‌ಗೇ ಸೇರಿಸುವುದೆಂದಾಯಿತು. ಫಾರಂಗಳನ್ನು ಅವಳೇ ತುಂಬಿದಳು. ಎಲ್ಲಿ ಹಾಕಬೇಕೆಂಬಲ್ಲಿ ತನ್ನದಕ್ಕೂ ಅವನದಕ್ಕೂ ಇಂಡೆಕ್ಸ್ ಎಂದು ಟಿಕ್ ಮಾಡಿ, ಪೆನ್ನನ್ನು ಅವನ ಕಡೆ ಸರಿಸಿದಳು. ಅವನು ಓದದೆ ಸೈನ್ ಹಾಕಲು ಹೋದಾಗ, “ಓದಿ ಹಾಕಿ” ಎಂದಳು. ಅವನು ಕೂತು ಹನ್ನೆರಡು ಪುಟವನ್ನೂ ಓದಿ ಹಾಕಿದ. ಅರವತ್ತಕ್ಕೆ ನಿವೃತ್ತನಾಗಬೇಕೆಂದಿದ್ದವನು ಅರವತ್ತೈದರವರೆಗೆ ಇರುತ್ತೇನೆಂದು ಕಂಪನಿಗೆ ಬರೆದುಕೊಟ್ಟ. ಶನಿವಾರ, ಭಾನುವಾರ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಟ್ಟು, ಬೋಲ್ಟು ತೂಗುವ ಕೆಲಸ ಹಿಡಿದ. ಅದರಿಂದ ಕುಸುಮಾವತಿ ವಾರಕ್ಕೆ ಐದು ದಿನದ ಬದಲು ಮೂರು ದಿನ ಹೋಗುವಂತಾಯಿತು. ಕೆಲಸವನ್ನು ಪೂರ್ತಿ ಬಿಡಲು ಮಾತ್ರ ಇನ್ನೂ ನಾಲ್ಕು ವರ್ಷ ಹಿಡಿಯಿತು.

ಅಷ್ಟಾದರೂ ಅವನಿಗೆ ಜನರ ಮುಖ ನೋಡಲು ಆಗುತ್ತಿರಲಿಲ್ಲ. ಒಂದು ದಿನ ಊಟ ಮಾಡುತ್ತಾ, ತನ್ನ ಮಾತು ಕೇಳಿ ಶೇರು ಕೊಂಡವರು ಯಾರ್ಯಾರೆಂದು ಕುಸುಮಾವತಿಯ ಎದುರಿಗೇ ಎಣಿಸಿದ. ನಾಲ್ಕು ಜನ. ಮರುದಿನದಿಂದ ಒಬ್ಬೊಬ್ಬರಿಗೇ ಫೋನ್ ಮಾಡಿದ. ನನ್ನದೂ ಹೋಗಿದೆ, ನಾನು ನಿಮಗೆ ಹಾಗೆ ಹೇಳಬಾರದಿತ್ತು, ಹೇಳುವ ಯೋಗ್ಯತೆ ನನಗಿರಲಿಲ್ಲ ಎಂದ. ಮೊದಲ ಮೂವರೂ ಒಳ್ಳೆಯ ಮಾತಾಡಿದರು. “ಬಿಡಿ ಅಂಕಲ್, ಎಲ್ಲರಿಗೂ ಆಗಿದ್ದೇ” ಎಂದರು. ಅವರು ಹಾಗಂದಷ್ಟೂ ಅವನು ಕುಗ್ಗಿದ.

ಕೊನೆಗೆ ಇಂದ್ರೇಶ್. ಪುರುಷೋತ್ತಮನ ಮಾತನ್ನು ಅವನು ಪೂರ್ತಿ ಕೇಳಿದ. ಆಮೇಲೆ ಹೇಳಿದ:

“ಅಂಕಲ್, ಅದು ನಮ್ಮ ಮನೆ ಡೆಪಾಸಿಟ್‌ಗೆ ಅಂತ ಇಟ್ಟಿದ್ದ ದುಡ್ಡು. ನನ್ ಹೆಂಡ್ತಿ ಬೇಡ ಅಂದ್ರೂ ಹಾಕ್ದೆ. ನೀವು ಅಷ್ಟು ಗ್ಯಾರಂಟಿಯಾಗಿ ಹೇಳಿದ್ರಿ. ಎರಡು ವರ್ಷ ಆಯ್ತು. ಎಷ್ಟು ಸಲ ಫೋನ್ ಮಾಡಿದೆ, ನೀವು ಎತ್ಲಿಲ್ಲ. ಅಂಗಡಿಯಲ್ಲಿ ನನ್ನ ನೋಡಿ ಓಡಿ ಹೋದ್ರಿ, ನಾನು ನೋಡ್ಲಿಲ್ಲ ಅಂದ್ಕೊಂಡ್ರಾ? ದುಡ್ಡು ಹಾಕಿದ್ದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ದೊಡ್ಡವರು ಅನ್ನಿಸ್ಕೊಂಡೋರು ಹೀಗೆ ಮಾಡ್ಬಾರ್ದು ಅಂಕಲ್.”

“ಮಾಡಬಾರದಿತ್ತು,” ಎಂದ ಪುರುಷೋತ್ತಮ. ಸಮಜಾಯಿಷಿ ಒಂದೆರಡು ನಾಲಿಗೆಯ ತುದಿಗೆ ಬಂದವು, ನುಂಗಿಕೊಂಡ. ಇಂದ್ರೇಶ್ ಇನ್ನೂ ಹತ್ತು ನಿಮಿಷ ಬೈದ. ಪುರುಷೋತ್ತಮ ಕಾಲು ನೋಯುತ್ತಿದ್ದರೂ ಕೂರದೆ, ಫೋನ್ ಹಿಡಿದು ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಆ ಕಡೆಯಿಂದ ಫೋನ್ ಇಟ್ಟ ಮೇಲೆ, ಬಹಳ ದಿನಗಳ ನಂತರ ಅವನಿಗೆ ಹಸಿವಾಯಿತು.

ಒಳಗೆ ಕುಸುಮಾವತಿ ತೊಗರಿಬೇಳೆ ಆರಿಸುತ್ತಿದ್ದಳು. “ಯಾರು ಅಷ್ಟು ಜೋರು ಮಾತಾಡಿದ್ದು?” ಎಂದಳು.

“ಇಂದ್ರೇಶ. ಬೈದ.”

“ಸರಿಯಾಗಿ ಬೈದನಾ?”

“ಸರಿಯಾಗಿಯೇ ಬೈದ,” ಎಂದು ಅವನು ಅವಳ ಎದುರಿಗೆ ಕೂತ.

ಅವಳು ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿದಳು.